ಹತ್ತಕ್ಕೆ ಎರಡು

ಭಾನುವಾರದ ಊಟಕ್ಕೆ ಬಂದ ಶೆಂಗ್ ಕುರ್ಚಿಯಲ್ಲಿ ಕೂರುವ ಮೊದಲೇ ಕೈಯಲ್ಲಿದ್ದ ಫೋನನ್ನು ಮೇಜಿನ ಮಧ್ಯಕ್ಕೆ, ಸಾಸಿವೆ ಸೊಪ್ಪಿನ ಪಾತ್ರೆಯ ಪಕ್ಕಕ್ಕೆ ಇಟ್ಟಳು.

"ನೋಡು ನೆಂಗ್, ಕಣ್ಣು ಬಿಟ್ಟು ನೋಡು. ಹತ್ತಕ್ಕೆ ಎರಡು."

"ಏನು ಎರಡು?" ಎಂದ ನೆಂಗ್.

"ನಿನ್ನ ಮಗಳ ಶಾಲೆಗೆ ಕೊಟ್ಟಿರೋ ಅಂಕ ಕಣೋ. ಹೋದ ವರ್ಷ ಮೂರಿತ್ತು, ಈಗ ಎರಡು. ಟರ್ನರ್ ರಸ್ತೇಲಿ ಮನೆ ತೋರಿಸಕ್ಕೆ ಅಂತ ಕರ್ಕೊಂಡು ಹೋದ್ರೆ ಬಂದೋರು ಅಡುಗೆಮನೆ ನೋಡಲ್ಲ, ಬಚ್ಚಲು ನೋಡಲ್ಲ. ಮೊದಲು ಈ ನಂಬರ್ ನೋಡ್ತಾರೆ. ನೋಡಿ, ಕಾರು ತಿರುಗಿಸ್ಕೊಂಡು ಹೋಗ್ತಾರೆ."

ಶೆಂಗ್ ನೆಂಗ್‌ನ ಅಕ್ಕ. ಸಾಲ್ವೇರಾ ಪಟ್ಟಣದಲ್ಲಿ ಮನೆ ಮಾರಿಸಿಕೊಡುವ ಕೆಲಸ ಅವಳದು. ಹೆದ್ದಾರಿಯ ಆಚೆ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಳು. ಹೆದ್ದಾರಿಯ ಈಚೆ, ತಾನು ಹುಟ್ಟಿ ಬೆಳೆದ ಮನೆಗೆ ಬಂದಾಗಲೆಲ್ಲ ಅವಳಿಗೆ ಏನಾದರೊಂದು ಕೊರತೆ ಕಾಣದೆ ಇರುತ್ತಿರಲಿಲ್ಲ.

ನೆಂಗ್‌ನ ಹೆಂಡತಿ ಪಾಕೂ ಒಲೆಯ ಪಕ್ಕ ನಿಂತು ಕುಟ್ಟಾಣಿಯಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಆ ಶಾಲೆಯ ಅಡುಗೆಮನೆಯಲ್ಲಿ ಅವಳಿಗೆ ಐದು ವರ್ಷದಿಂದ ಕೆಲಸ. 'ಎರಡು' ಎಂದಾಗಲೆಲ್ಲ ಕುಟ್ಟಾಣಿಯ ಸದ್ದು ಸ್ವಲ್ಪ ಜೋರಾಗುತ್ತಿತ್ತು.

ಶೆಂಗ್ ಬೆರಳಿನಿಂದ ಪರದೆ ಸರಿಸುತ್ತಾ ಓದಿದಳು. "ಸ್ಪ್ಯಾನಿಷ್ ಮಾತಾಡೋರು, ಹಿಸ್ಪಾನಿಕ್ ಮಕ್ಕಳು ಶೇಕಡ ಐವತ್ತೆರಡು. ಏಷ್ಯದೋರು ಮೂವತ್ತೆಂಟು, ಅಂದ್ರೆ ನಾವು, ಹ್ಮಾಂಗ್ ಜನ. ಇಂಗ್ಲಿಷ್ ಕಲಿಯುತ್ತಿರುವವರು ನಲವತ್ತಾರು. ಬಡವರು ತೊಂಬತ್ತನಾಲ್ಕು."

ಮೂಲೆಯಲ್ಲಿ ಬಿದಿರಿನ ಬುಟ್ಟಿಯಿಂದ ಅಂಟಕ್ಕಿ ಅನ್ನ ತೆಗೆಯುತ್ತಿದ್ದ ಅಜ್ಜಿ ತಲೆಯೆತ್ತಿದಳು. ಮೊಮ್ಮಕ್ಕಳು ಅವಳನ್ನು 'ಪೋ' ಎನ್ನುತ್ತಿದ್ದರು. ಮನೆಗೆ ಬಂದುಹೋಗುವವರ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು.

"ಬಡವರು ಅಂತ ಎಣಿಸಿದೋರು ಯಾರು? ನಮ್ಮನೆಗೆ ಯಾರೂ ಬಂದು ನೋಡ್ಲಿಲ್ವಲ್ಲ."

"ಶಾಲೆಯ ಬಿಟ್ಟಿ ಊಟಕ್ಕೆ ಅರ್ಜಿ ಕೊಟ್ಟಿರ್ತೀವಲ್ಲ ಅತ್ತೆ, ಅದನ್ನ ನೋಡಿ ಎಣಿಸ್ತಾರೆ," ಎಂದಳು ಪಾಕೂ.

"ಊಟ ಮಾಡಿದೋರೆಲ್ಲ ಬಡವರಾ? ಒಳ್ಳೆ ಲೆಕ್ಕ."

"ಅಮ್ಮಾ, ತಮಾಷೆ ಬೇಡ," ಎಂದಳು ಶೆಂಗ್. "ನಮ್ಮ ಕಡೆ ವಿಲೋ ಕ್ರೀಕ್ ಶಾಲೆ ಇದೆ. ಹತ್ತಕ್ಕೆ ಒಂಬತ್ತು. ನನ್ನ ಮನೆ ವಿಳಾಸ ಕೊಟ್ಟು ಜುವಾಳ್ನ ಅಲ್ಲಿಗೆ ಸೇರಿಸಿ. ಚಿಕ್ಕೋಳು ಇಯಾನೂ ಮುಂದಿನ ವರ್ಷ ಅಲ್ಲೇ ಶುರು ಮಾಡ್ಲಿ. ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ."

ಹತ್ತು ವರ್ಷದ ಜುವಾ ಅಲ್ಲಿಯವರೆಗೆ ಬಾಯಿ ತುಂಬ ಅನ್ನ ತುಂಬಿಕೊಂಡು ಕೇಳುತ್ತಿದ್ದಳು. ನುಂಗಿ ಕೇಳಿದಳು. "ಅತ್ತೆ, ಆ ಎರಡರಲ್ಲಿ ನಾನೂ ಇದೀನಾ?"

ಪಾಕೂ ಚಟ್ನಿಯ ಬಟ್ಟಲನ್ನು ತಂದು, ಇಡಬೇಕಾದ್ದಕ್ಕಿಂತ ತುಸು ಜೋರಾಗಿಯೇ ಮೇಜಿನ ಮೇಲಿಟ್ಟಳು.

*

ಮರುದಿನ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಪಾಕೂ ಶಾಲೆಯ ಅಡುಗೆಮನೆಯ ಕಿಟಕಿಯಲ್ಲಿ ಹಾಲಿನ ಪೊಟ್ಟಣ ಜೋಡಿಸುತ್ತಿದ್ದಾಗ, ಜುವಾ ತರಗತಿಗಳ ಪಕ್ಕದ ಓಣಿಯಲ್ಲಿ ಕಾಲೆಳೆದುಕೊಂಡು ಹೋಗುತ್ತಿರುವುದು ಕಾಣಿಸಿತು. ಹಿಂದೆ ಇನ್ನೂ ಐದಾರು ಮಕ್ಕಳು. ಎಲ್ಲರೂ ಗೋದಾಮಿನ ಪಕ್ಕದ ಸಣ್ಣ ಕೋಣೆಗೆ ಹೋದರು.

ಪಾಕೂ ಇದನ್ನು ದಿನಾ ನೋಡುತ್ತಿದ್ದಳು. ಆದರೆ ಆ ದಿನ ಅವಳ ಕೈ ನಿಂತಿತು.

"ಈ ಹೊತ್ತಿಗೆ ಅವರಿಗೆ ಯಾವ ಪಾಠ ಇರುತ್ತೆ ಚೆಲೋ?"

ಜೊತೆಯಲ್ಲಿ ಕೆಲಸ ಮಾಡುವ ಚೆಲೋ ಓರೆಗಣ್ಣಿನಲ್ಲಿ ಗಡಿಯಾರ ನೋಡಿದಳು. ಅವಳ ಮಗಳೂ ಅದೇ ಸಾಲಿನಲ್ಲಿದ್ದಳು. "ವಿಜ್ಞಾನ. ನಮ್ಮವಳು ದಿನಾ ಮನೇಲಿ ಅಳ್ತಾಳೆ. ಅಲ್ಲಿ ಹುಡುಗರು ಪೈಪು ಜೋಡಿಸಿ ನೀರು ಹರಿಸ್ತಾರಂತೆ. ಇವಳು ಇಲ್ಲಿ ಕೂತು 'ಇದು ಕಿಟಕಿ, ಅದು ಬಾಗಿಲು' ಅಂತಾಳಂತೆ."

ಸಂಜೆ ಪಾಕೂ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬೀನ್ಸ್ ಬಿಡಿಸುತ್ತಾ ಕೇಳಿದಳು. ಜುವಾ ಮಾತಿನ ಮಲ್ಲಿ. ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಅವಳ ಬಾಯಿಂದ ಇಂಗ್ಲಿಷು ಸುರಿಯುತ್ತಲೇ ಇರುತ್ತಿತ್ತು. ಹ್ಮಾಂಗ್ ಭಾಷೆ ಬರುತ್ತಿದ್ದುದು ಅಜ್ಜಿಯ ಜೊತೆ ಮಾತ್ರ, ಅದೂ ಅಲ್ಲಲ್ಲಿ ಎಡವುತ್ತಾ. ಅಂಥವಳನ್ನು ಶಾಲೆಯವರು ಐದು ವರ್ಷದಿಂದ 'ಇಂಗ್ಲಿಷ್ ಕಲಿಯುತ್ತಿರುವವರ' ಗುಂಪಿನಲ್ಲೇ ಇಟ್ಟಿದ್ದರು. ದಿನಾ ಆ ಸಣ್ಣ ಕೋಣೆಗೆ ಹೋಗುತ್ತಿದ್ದುದು ಆ ಗುಂಪೇ. ವರ್ಷಕ್ಕೊಮ್ಮೆ ಪರೀಕ್ಷೆ. ಪಾಸಾದರೆ ಗುಂಪಿನಿಂದ ಬಿಡುಗಡೆ. ಹೋದ ವರ್ಷ ಬಿಡುಗಡೆ ಸಿಕ್ಕಿರಲಿಲ್ಲ.

"ಮಾತಾಡೋ ಪರೀಕ್ಷೇಲೇ ಹೇಗೆ ನಪಾಸಾದೆ ನೀನು? ಬಾಯಿ ಮುಚ್ಚಿದ್ದು ನಾನು ನೋಡೇ ಇಲ್ಲ."

"ಅಮ್ಮಾ, ಅದು ಕಂಪ್ಯೂಟರ್ ಜೊತೆ ಮಾತು. ಕಿವಿಗೊಂದು ಹಾಕ್ತಾರೆ. ಚಿತ್ರದಲ್ಲಿ ಯಾರೋ ಮನೆಯೋರು ಊಟ ಮಾಡ್ತಿದ್ರು. ಏನು ಮಾಡ್ತಿದಾರೆ ಅಂತು. ಊಟ ಮಾಡ್ತಿದಾರೆ ಅಂದೆ. ಇನ್ನೂ ಹೇಳು ಅಂತು."

"ನೀನೇನಂದೆ?"

"ಊಟ ಮಾಡೋರನ್ನ ಅಷ್ಟೊತ್ತು ನೋಡ್ತಾ ನಿಲ್ಲಬಾರದು ಅಂತ ನಮ್ಮ ಪೋ ಹೇಳಿದಾಳೆ ಅಂದೆ. ಆಮೇಲೆ ಸುಮ್ಮನಾದೆ."

ಪಾಕೂಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ತನ್ನದೇ ಶಾಲೆಯ ದಿನಗಳು ನೆನಪಾದವು. ಅವಳು ಈ ದೇಶಕ್ಕೆ ಬಂದಾಗ ಎಂಟು ವರ್ಷ. ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಿಂದ ನೇರ ಇದೇ ಟರ್ನರ್ ರಸ್ತೆ ಶಾಲೆಗೆ. ಆ ಗುಂಪಿಗೆ ಸೇರಿದವಳು ಹನ್ನೆರಡನೇ ತರಗತಿಯವರೆಗೂ ಹೊರಗೆ ಬರಲಿಲ್ಲ. ದಾದಿಯ ಓದಿಗೆ ಅರ್ಜಿ ಹಾಕಿದಾಗ, ಬೇಕಾದ ವಿಜ್ಞಾನದ ಪಾಠಗಳನ್ನೇ ನೀನು ಓದಿಲ್ಲವಲ್ಲ ಎಂದಿದ್ದರು. ಓದಬೇಕಿದ್ದ ಹೊತ್ತಿನಲ್ಲೆಲ್ಲ ಅವಳು ಇನ್ನೊಂದು ಕೋಣೆಯಲ್ಲಿ ಕಿಟಕಿ ಬಾಗಿಲುಗಳ ಹೆಸರು ಹೇಳುತ್ತಿದ್ದಳು.

*

ಎರಡು ದಿನದ ನಂತರ ಇಯಾಳನ್ನು ಮುಂದಿನ ವರ್ಷ ಶಿಶುವಿಹಾರಕ್ಕೆ ಸೇರಿಸುವ ಅರ್ಜಿ ಮನೆಗೆ ಬಂತು. ಊಟವಾದ ಮೇಲೆ ನೆಂಗ್ ಪೆನ್ನು ಹಿಡಿದು ಕೂತ. ಬಾದಾಮಿ ಕಾರ್ಖಾನೆಯಲ್ಲಿ ಬೆಳಿಗ್ಗೆ ಐದಕ್ಕೆ ಹೋಗಿ, ಮೂಟೆ ಎತ್ತುವ ಗಾಡಿ ಓಡಿಸಿ ಬರುವ ಅವನಿಗೆ ಸಂಜೆಯ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಆದರೂ ಮೂರನೇ ಪುಟಕ್ಕೆ ಬಂದಾಗ ಎಚ್ಚೆತ್ತು ಕೂತ.

"ಇಲ್ಲಿದೆ ನೋಡು ತಾಪತ್ರಯ. ಮಗು ಮೊದಲು ಕಲಿತ ಭಾಷೆ ಯಾವುದು? ಮನೇಲಿ ಹೆಚ್ಚು ಆಡೋ ಭಾಷೆ ಯಾವುದು? ತಂದೆ ತಾಯಿ ಆಡೋ ಭಾಷೆ? ಮನೆ ಹಿರಿಯರದು? ನಾಲ್ಕಕ್ಕೂ ಇಂಗ್ಲಿಷ್ ಅಂತ ಬರೆದುಬಿಟ್ರೆ ಆ ಪರೀಕ್ಷೆ ಗೋಳೇ ಇರಲ್ಲ ಅಂತ ಅಕ್ಕ ಹೇಳಿದಾಳೆ."

"ನಾಲ್ಕನೇದು ನನ್ನ ಬಗ್ಗೆ ತಾನೇ?" ಎಂದಳು ಪೋ.

"ಹೂಂ."

"ಬರಿ, ಇಂಗ್ಲಿಷ್ ಅಂತಲೇ ಬರಿ. ಶಾಲೆಯೋರು ಫೋನ್ ಮಾಡಿದಾಗ ನಾನೇ ಎತ್ತೀನಿ."

"ಅಮ್ಮಾ, ಇದು ಬರೀ ಕಾಗದ."

"ಬರೀ ಕಾಗದ ಆದ್ರೆ ನಿಜ ಬರೆಯೋಕೆ ನಿನ್ನ ಕೈಗೇನು ಲಕ್ವ ಹೊಡೆದಿದೆಯಾ?"

"ನಿಜ ಬರೆದು ಏನಾಯ್ತು? ಜುವಾಗೆ ನೀನು ನಿಜ ಬರೆಸಿದೆ. ಅವಳು ಐದು ವರ್ಷದಿಂದ ಗೋದಾಮಿನ ಪಕ್ಕ ಕೂತಿದಾಳೆ."

ಪೋ ಎದ್ದು ಬಂದಳು. ಅವನ ಕೈಯಿಂದ ಅರ್ಜಿ ಕಿತ್ತುಕೊಂಡು ತನ್ನ ಕುರ್ಚಿಯ ಮೇಲೆ ಹಾಸಿ, ಅದರ ಮೇಲೆಯೇ ಕೂತಳು. "ಈಗ ಬರಿ."

ನಾಲ್ಕು ವರ್ಷದ ಇಯಾ ಚಪ್ಪಾಳೆ ತಟ್ಟಿದಳು. ನೆಂಗ್ ಹೆಂಡತಿಯ ಕಡೆ ತಿರುಗಿದ.

"ನೀನಾದ್ರೂ ಹೇಳು ಪಾಕೂ."

ಪಾಕೂ ತಟ್ಟೆ ತೊಳೆಯುತ್ತಿದ್ದಳು. ಗಂಡ ಹೇಳುವುದರಲ್ಲಿ ಸುಳ್ಳಿರಲಿಲ್ಲ, ಅತ್ತೆ ಹೇಳುವುದರಲ್ಲೂ ಇರಲಿಲ್ಲ. "ನಂಗೆ ಸ್ವಲ್ಪ ಟೈಮ್ ಕೊಡು," ಎಂದಷ್ಟೇ ಅಂದಳು.

ನೆಂಗ್ ಟೈಮ್ ಕೊಡಲಿಲ್ಲ ಎಂಬುದು ಗೊತ್ತಾಗಿದ್ದು ಹತ್ತು ದಿನದ ಮೇಲೆ.

*

ಆ ಶನಿವಾರ ಶೆಂಗ್ ಬಾಗಿಲಿನಿಂದಲೇ ಲಕೋಟೆ ಆಡಿಸುತ್ತಾ ಬಂದಳು. "ಸಿಕ್ತು! ವಿಲೋ ಕ್ರೀಕ್‌ನೋರು ಒಪ್ಕೊಂಡಿದಾರೆ. ರಜೆ ಮುಗಿದ ಮೇಲೆ, ಜನವರಿಯಿಂದ ಜುವಾ ಅಲ್ಲಿಗೆ."

ಪಾಕೂ ಮತ್ತು ಅತ್ತೆ ಅಂಗಳದಲ್ಲಿ ಕೂತು ಮರುದಿನದ ಸಂತೆಗೆ ಚೆರ್ರಿ ಟೊಮೇಟೊ ಆರಿಸುತ್ತಿದ್ದರು. ಊರ ಹೊರಗೆ ಗುತ್ತಿಗೆಗೆ ಹಿಡಿದಿದ್ದ ಅರ್ಧ ಎಕರೆಯ ಕೊನೆಯ ಬೆಳೆ ಅದು. ಪಾಕೂ ಕೈಯೊರೆಸಿಕೊಂಡು ಎದ್ದಳು.

"ಏನು ಸಿಕ್ತು ಅಕ್ಕ?"

ಶೆಂಗ್‌ಳ ಮುಖ ಪೆಚ್ಚಾಯಿತು. "ನೆಂಗ್ ಹೇಳಿಲ್ವಾ? ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ."

ನೆಂಗ್ ಗಾಡಿಯಿಂದ ಖಾಲಿ ಪೆಟ್ಟಿಗೆ ಇಳಿಸುತ್ತಿದ್ದವನು ಅಲ್ಲೇ ನಿಂತ.

"ಸಹಿ ಯಾರು ಹಾಕಿದ್ದು?" ಪಾಕೂ ಗಂಡನನ್ನು ಕೇಳಿದಳು.

"ನಾನೇ."

"ವಿಳಾಸ?"

"ಅಕ್ಕನದು."

"ಮನೆ ಭಾಷೆ?"

ಅವನು ಪೆಟ್ಟಿಗೆಗಳ ಕಡೆ ತಿರುಗಿದ. ಪೋ ಕೈಯಲ್ಲಿದ್ದ ಟೊಮೇಟೊ ಬುಟ್ಟಿಗೆ ಎಸೆದಳು.

"ಒಂದು ದೇಶ ಬಿಟ್ಟು ಬಂದಿದ್ದಾಯ್ತು," ಎಂದಳು. "ಅವತ್ತು ಬೆನ್ನ ಹಿಂದೆ ಬಂದೂಕು ಇತ್ತು, ಓಡಿದ್ವಿ. ಈಗ ಏನಿದೆ ಅಂತ ಒಂದು ರಸ್ತೆ ಬಿಟ್ಟು ಓಡ್ತೀಯೋ? ಒಂದು ನಂಬರ್ರಿಗೆ ಹೆದರಿ?"

"ಅಮ್ಮಾ, ನಾನು ಆ ಶಾಲೇಲಿ ಓದಿ ಎಲ್ಲಿದೀನಿ ನೋಡು!" ನೆಂಗ್‌ನ ದನಿ ಒಡೆಯಿತು. "ಹದಿನೈದು ವರ್ಷದಿಂದ ಅದೇ ಗಾಡಿ, ಅದೇ ಬಾದಾಮಿ ಧೂಳು. ನನ್ನ ಮಗಳಿಗೂ ಇದೇ ಆಗ್ಬೇಕಾ?"

"ನಿನ್ನ ಅಕ್ಕನೂ ಅಲ್ಲೇ ಓದಿದ್ದು. ಅವಳಿಗೆ ಎರಡು ಬಚ್ಚಲಿನ ಮನೆ ಇದೆ."

"ಅಮ್ಮಾ, ನನ್ನನ್ನ ಎಳೀಬೇಡ," ಎಂದಳು ಶೆಂಗ್. "ನಾನು ಅಲ್ಲಿ ಓದಿದ್ದು ನಿಜ. ಈಗ ಕಾಲ ಬದಲಾಗಿದೆ. ಪಾಕೂ, ನಾನು ನಿಮ್ಮ ಒಳ್ಳೇದಕ್ಕೇ ಮಾಡಿದ್ದು. ಆ ಎರಡನ್ನ ನಾನು ಹುಟ್ಟಿಸಲಿಲ್ಲ."

"ಅಕ್ಕ, ನಿಮ್ಮ ಮೇಲೆ ಸಿಟ್ಟಿಲ್ಲ," ಎಂದಳು ಪಾಕೂ. ಅವಳ ಕಣ್ಣು ಗಂಡನ ಮೇಲೇ ಇತ್ತು. "ನಾನು ದಿನಾ ಬೆಳಿಗ್ಗೆ ಮುನ್ನೂರ ಹನ್ನೆರಡು ಮಕ್ಕಳಿಗೆ ತಿಂಡಿ ಕೊಡ್ತೀನಿ ನೆಂಗ್. ಯಾರಿಗೆ ಹಾಲು ಆಗಲ್ಲ, ಯಾರು ರಾತ್ರಿ ಉಂಡಿಲ್ಲ, ಯಾರ ಅಪ್ಪ ಊರಲ್ಲಿಲ್ಲ, ಎಲ್ಲ ಗೊತ್ತು ನಂಗೆ. ಆ ಸಾಲಲ್ಲಿ ನನ್ನ ಮಗಳು ಇರಲ್ಲ. ನಿನ್ನ ಮಗಳೆಲ್ಲಿ ಅಂತ ಚೆಲೋ ಕೇಳ್ತಾಳೆ. ಏನು ಹೇಳ್ಲಿ? ನಿಮ್ಮ ಮಕ್ಕಳ ಜೊತೆ ಕೂತ್ರೆ ನನ್ನ ಮಗಳು ಹಾಳಾಗ್ತಾಳೆ, ಅದಕ್ಕೆ ಕಳಿಸ್ದೆ ಅನ್ಲಾ?"

"ಬೇರೆಯೋರ ಮಕ್ಕಳ ಲೆಕ್ಕ ನಂಗ್ಯಾಕೆ?"

"ನಂಗೆ ಹೇಳದೆ ಸಹಿ ಹಾಕಿದ್ಯಲ್ಲ, ಅದರ ಲೆಕ್ಕ ಕೊಡು ಮೊದಲು."

ಕಿಟಕಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಜುವಾ ಹೊರಗೆ ಬಂದಳು. "ನಾನು ಎಲ್ಲಿಗೂ ಹೋಗಲ್ಲ. ಅಲ್ಲಿಗೆ ಹೋದ್ರೆ ಒಂದು ಮಾತೂ ಆಡಲ್ಲ. ಆಗ ಅಲ್ಲೂ ನಪಾಸು ಮಾಡ್ತಾರೆ."

ಆ ಸಂಜೆ ಪಾಕೂ ಅಡುಗೆ ಮಾಡಿದಳು, ಆದರೆ ನಾಲ್ಕೇ ತಟ್ಟೆ ಇಟ್ಟಳು. ನೆಂಗ್ ಅಡುಗೆಮನೆಗೆ ಬಂದಾಗ ಪೋ ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿ, ಅದರ ಮೇಲೆ ತನ್ನ ಕೈಯಿಟ್ಟು ಕೂತಿದ್ದಳು. ಐದು ದಿನ ಅವನು ಬಿಸಿನೀರು ಹುಯ್ದ ನೂಡಲ್ಸ್ ತಿಂದ. ಹೆಂಡತಿ ಬಾಯಿ ಬಿಡಲಿಲ್ಲ, ತಾಯಿ ಕೈ ತೆಗೆಯಲಿಲ್ಲ.

*

ಗುರುವಾರ ಸಂಜೆ ಆರಕ್ಕೆ ಶಾಲೆಯ ಊಟದ ಸಭಾಂಗಣದಲ್ಲಿ ಪೋಷಕರ ಸಭೆ. ಶಿಕ್ಷಣ ಇಲಾಖೆಯ ಕಚೇರಿಯಿಂದ ಪ್ರೆಂಟಿಸ್ ಎಂಬ ಅಧಿಕಾರಿ ಬಂದಿದ್ದ. ಕೂದಲಿಗೆ ಬಲೆ, ಸೊಂಟಕ್ಕೆ ಏಪ್ರನ್ ಕಟ್ಟಿದ್ದ ಪಾಕೂ ಮತ್ತು ಚೆಲೋ ಹಿಂದಿನ ಮೇಜಿನಲ್ಲಿ ಕಾಫಿ ಬಗ್ಗಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಮೊಮ್ಮಗಳ ಕೈ ಹಿಡಿದುಕೊಂಡು ಪೋ ಕೂತಿದ್ದಳು. ನೆಂಗ್ ಬಂದಿದ್ದ, ಆದರೆ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ.

ಪ್ರೆಂಟಿಸ್ ಗೋಡೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳ ಚಿತ್ರ ಮೂಡಿಸಿದ. ಒಂದೊಂದು ಗುಂಪಿನ ಮಕ್ಕಳ ಅಂಕಕ್ಕೆ ಒಂದೊಂದು ಪಟ್ಟಿ. ಹಸಿರು ಪಟ್ಟಿ ಉದ್ದ, ಹಳದಿ ಅದಕ್ಕಿಂತ ಗಿಡ್ಡ. ಎಲ್ಲಕ್ಕಿಂತ ಕೆಳಗೆ ಮೊಂಡಾದ ಒಂದು ಕೆಂಪು ಪಟ್ಟಿ.

"ನಮ್ಮ ಚಿಂತೆ ಇದು," ಎಂದು ಕೆಂಪು ಪಟ್ಟಿಗೆ ಕೋಲು ತಾಗಿಸಿದ. "ಇಂಗ್ಲಿಷ್ ಕಲಿಯುತ್ತಿರುವವರ ಗುಂಪು. ವರ್ಷದಿಂದ ವರ್ಷಕ್ಕೆ ಮೇಲೇಳುತ್ತಿಲ್ಲ. ಇಡೀ ಶಾಲೆಯ ಅಂಕವನ್ನು ಈ ಗುಂಪು ಕೆಳಗೆ ಎಳೆಯುತ್ತಿದೆ."

ಜುವಾ ಅಜ್ಜಿಯ ಕಿವಿಯಲ್ಲಿ ಪಿಸುಗುಡುತ್ತಾ ಎಲ್ಲವನ್ನೂ ಹೇಳುತ್ತಿದ್ದಳು. ಪೋ ಕೈಯೆತ್ತಿದಳು. ಕೈಯೆತ್ತಿ, ಯಾರೂ ಕೇಳುವ ಮೊದಲೇ ಎದ್ದು ನಿಂತು ತನ್ನ ಭಾಷೆಯಲ್ಲಿ ಶುರು ಮಾಡಿದಳು. ಪ್ರೆಂಟಿಸ್ ದುಭಾಷಿಗಾಗಿ ಅತ್ತಿತ್ತ ನೋಡಿದ. ದುಭಾಷಿ ಬಂದಿರಲಿಲ್ಲ. ಜುವಾ ಎದ್ದಳು.

"ನಮ್ಮಜ್ಜಿ ಕೇಳ್ತಿದಾಳೆ, ಆ ಗುಂಪಲ್ಲಿ ಪಾಸಾದೋರು ಎಲ್ಲಿದಾರೆ ಅಂತ."

"ಒಳ್ಳೆಯ ಪ್ರಶ್ನೆ," ಎಂದ ಪ್ರೆಂಟಿಸ್. "ಪಾಸಾದವರನ್ನು ಆ ಗುಂಪಿನಿಂದ ತೆಗೆದುಬಿಡುತ್ತೇವೆ. ಅವರು ಹಸಿರು ಪಟ್ಟಿಗೆ ಸೇರುತ್ತಾರೆ."

ಪೋ ಅದನ್ನು ಕೇಳಿಸಿಕೊಂಡು ತಲೆದೂಗಿದಳು. ಆಮೇಲೆ ಒಂದು ನಿಮಿಷ ಬಿಡದೆ ಮಾತಾಡಿದಳು. ಜುವಾ ತುಟಿ ಕಚ್ಚಿ ನೆನಪಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದಳು.

"ಅಜ್ಜಿ ಹೇಳ್ತಾಳೆ, ನಾವು ಟೊಮೇಟೊ ಬೆಳೀತೀವಿ. ದಿನಾ ಬೆಳಿಗ್ಗೆ ಬುಟ್ಟಿಯಿಂದ ಹಣ್ಣಾಗಿದ್ದನ್ನೆಲ್ಲ ಆರಿಸಿ ಸಂತೆಗೆ ಕಳಿಸ್ತೀವಿ. ಸಂಜೆ ಬುಟ್ಟೀಲಿ ಕಾಯಿ ಮಾತ್ರ ಉಳಿದಿರುತ್ತೆ. ಆಗ ಯಾರಾದ್ರೂ ಬಂದು, ಇದೇನು ನಿಮ್ಮ ಗಿಡ ಹಣ್ಣೇ ಬಿಡಲ್ವಲ್ಲ ಅಂದ್ರೆ, ನೀವು ಟೊಮೇಟೊ ನೋಡೇ ಇಲ್ಲ ಅಂತ ಹೇಳ್ತೀವಂತೆ. ನೀವು ಹಣ್ಣು ತಗೊಂಡು ಹೋದ್ರಿ, ಕಾಯಿ ತೋರಿಸಿ ಗಿಡನ ಬೈತಿದೀರಿ ಅಂತಿದಾಳೆ."

ಸಭೆಯಲ್ಲಿ ಮೊದಲು ನಕ್ಕವಳು ಚೆಲೋ. ಅವಳು ಸ್ಪ್ಯಾನಿಷಿನಲ್ಲಿ ಪಕ್ಕದವರಿಗೆ ಹೇಳಿದಳು, ಅವರು ಇನ್ನೊಬ್ಬರಿಗೆ. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಪ್ರೆಂಟಿಸ್‌ನ ಕಿವಿ ಕೆಂಪಾಯಿತು. ಕೆಟ್ಟ ಮನುಷ್ಯನೇನಲ್ಲ ಅವನು. ಬಾಗಿ, ಜುವಾಳಿಗೆ ಮೆಚ್ಚುಗೆ ಹೇಳಿದ.

"ಎಷ್ಟು ಚೆನ್ನಾಗಿ ಹೇಳಿದೆ ಮಗು! ನಿನ್ನ ಇಂಗ್ಲಿಷ್ ಬಹಳ ಚೆನ್ನಾಗಿದೆ. ನಿನ್ನಂಥವರು ಈ ಶಾಲೆಗೆ ಹೆಮ್ಮೆ."

"ನಾನು ಆ ಕೆಂಪು ಪಟ್ಟೀಲಿ ಇದೀನಿ ಸರ್," ಎಂದಳು ಜುವಾ.

ಪ್ರೆಂಟಿಸ್ ಕೋಲಿನ ತುದಿ ನೋಡಿದ. "ಅದು... ನಿಯಮ ಹಾಗಿದೆ," ಎಂದ. "ಪರೀಕ್ಷೆಯ ಅಂಕ ಬಂದ ಹಾಗೆ ನಾವು ಮಾಡಬೇಕಾಗುತ್ತೆ."

"ಹತ್ತೂ ಇಪ್ಪತ್ತಕ್ಕೆ ವಿಜ್ಞಾನ ಬಿಡಿಸಿ ಕರ್ಕೊಂಡು ಹೋಗ್ಬೇಕು ಅನ್ನೋದೂ ನಿಯಮಾನಾ?"

ಈ ಪ್ರಶ್ನೆ ಹಿಂದಿನ ಮೇಜಿನಿಂದ ಬಂದಿತ್ತು. ಕೈಯಲ್ಲಿ ಕಾಫಿಯ ಜಗ್ಗು ಹಿಡಿದಿದ್ದ ಪಾಕೂ, ತಾನೇ ಕೇಳಿದ್ದೇನೆಂದು ತಿಳಿದಾಗ ಒಂದು ಗಳಿಗೆ ಬೆಚ್ಚಿದಳು. ಆದರೆ ಹಿಂದೆ ಸರಿಯಲಿಲ್ಲ.

"ಅದು ಆಯಾ ಶಾಲೆಯ ವೇಳಾಪಟ್ಟಿ," ಎಂದ ಪ್ರೆಂಟಿಸ್. ಪ್ರಿನ್ಸಿಪಾಲ್ ಹಾಲ್ವರ್ಸನ್ ಕಡೆ ನೋಡಿದ. ಆಕೆ ತನ್ನ ಕಾಗದಗಳನ್ನು ನೋಡಿದಳು.

ಮನೆಗೆ ಬಂದು ಉಳಿದವರು ಊಟಕ್ಕೆ ಕೂತಾಗ ನೆಂಗ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. "ನಾಳೆ ಕೆಲಸ ಮುಗಿಸ್ಕೊಂಡು ವಿಲೋ ಕ್ರೀಕ್‌ಗೆ ಹೋಗ್ತೀನಿ."

"ಯಾಕೆ?" ಎಂದಳು ಪಾಕೂ. ಐದು ದಿನದಲ್ಲಿ ಅವನಿಗೆ ಅವಳು ಆಡಿದ ಮೊದಲ ಮಾತು.

"ಹೆಸರು ತೆಗೆಸಕ್ಕೆ." ಮಗಳ ಕಡೆ ನೋಡಿ, "ಅಷ್ಟು ಜನರ ಮುಂದೆ ಹೆಂಗೆ ನಿಂತ್ಲು ನೋಡಿದ್ಯಾ? ನಂಗೆ ಇವತ್ತಿಗೂ ನಮ್ಮ ಮೇಸ್ತ್ರಿ ಮುಂದೆ ಬಾಯಿ ಬರಲ್ಲ," ಎಂದ.

ಪೋ ಪಾತ್ರೆಯ ಮೇಲಿನ ಕೈ ತೆಗೆದಳು. "ಕೂತ್ಕೋ. ಸಾರು ಆರ್ತಿದೆ."

*

ಆ ವಾರಾಂತ್ಯ ಪಾಕೂ ಜುವಾಳ ಹೆಸರಿಗೆ ವರ್ಷಾವರ್ಷ ಬರುತ್ತಿದ್ದ ಶಾಲೆಯ ಪತ್ರಗಳನ್ನೆಲ್ಲ ಡ್ರಾಯರಿನಿಂದ ತೆಗೆದು ಮೇಜಿನ ಮೇಲೆ ಹರಡಿದಳು. ಒಂದೊಂದೂ ನಾಲ್ಕು ಪುಟ. ಮೊದಲ ಪುಟದಲ್ಲಿ ಅಂಕ ಇರುತ್ತಿತ್ತು. ಅದನ್ನು ನೋಡಿ ಬೇಜಾರಾಗಿ ಮಡಚಿಡುವುದೇ ರೂಢಿಯಾಗಿತ್ತು. ಈ ಸಲ ಕೊನೆಯವರೆಗೂ ಓದಿದಳು. ನಾಲ್ಕನೇ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ವಾಕ್ಯವಿತ್ತು. ಮಗುವನ್ನು ಪಾಠದಿಂದ ಬೇರೆ ಕೋಣೆಗೆ ಕಳಿಸುವುದು ಬೇಡವೆಂದು ತಂದೆ ತಾಯಿ ಬರೆದು ಕೊಡಬಹುದು.

"ಅತ್ತೆ, ಐದು ವರ್ಷದಿಂದ ಇದು ನಮ್ಮ ಡ್ರಾಯರಲ್ಲೇ ಇತ್ತು," ಎಂದಳು.

ಬರೆಯಲು ಮೂರು ಹಾಳೆ ಹಾಳಾದವು. ನಾಲ್ಕನೆಯದರಲ್ಲಿ ಐದೇ ಸಾಲು. ನನ್ನ ಮಗಳು ವಿಜ್ಞಾನದ ಹೊತ್ತಿನಲ್ಲಿ ವಿಜ್ಞಾನದ ಪಾಠದಲ್ಲಿ ಕೂರುತ್ತಾಳೆ. ಇಂಗ್ಲಿಷ್ ಕಲಿಸುವುದಾದರೆ ಬೇರೆ ಹೊತ್ತಿನಲ್ಲಿ ಕಲಿಸಿ. ಇದೇ ಸೋಮವಾರದಿಂದ.

ಸೋಮವಾರ ಬೆಳಗಿನ ತಿಂಡಿ ಮುಗಿದ ಮೇಲೆ ಅವಳು ಏಪ್ರನ್ ಬಿಚ್ಚಿದಳು. ತಲೆಯ ಬಲೆ ತೆಗೆದಳು. ಚೆಲೋ, "ಎಲ್ಲಿಗೆ ಹೊರಟೆ?" ಎಂದಾಗ, "ಈಗ ನಾನು ಅಡುಗೆಯವಳಲ್ಲ, ಐದು ನಿಮಿಷ ತಾಯಿ," ಎಂದು ಶಾಲೆಯ ಕಚೇರಿಗೆ ಹೋದಳು.

ಗುಮಾಸ್ತೆ ಪತ್ರ ಓದಿ, ತಿರುಗಿಸಿ ಹಿಂಬದಿ ನೋಡಿದಳು. "ಇಂಥ ಪತ್ರ ಇಲ್ಲಿ ಯಾರೂ ಕೊಟ್ಟಿಲ್ಲ."

"ಈಗ ಕೊಟ್ಟಿದಾರೆ."

"ಪ್ರಿನ್ಸಿಪಾಲರು ಮೀಟಿಂಗಲ್ಲಿದಾರೆ. ನಾಳೆ ಬನ್ನಿ."

"ಹತ್ತೂ ಇಪ್ಪತ್ತಕ್ಕೆ ನನ್ನ ಮಗಳನ್ನ ಕರೀತಾರೆ. ಅಷ್ಟರೊಳಗೆ ಬೇಕು. ತಲುಪಿದೆ ಅಂತ ಇದರ ಪ್ರತಿ ಮೇಲೆ ಸೀಲ್ ಹಾಕಿ ಕೊಡಿ. ಕಾಯ್ತೀನಿ."

ಅವಳು ನಿಂತೇ ಇದ್ದಳು. ಗುಮಾಸ್ತೆ ಫೋನ್ ಎತ್ತಿ ಮಾತಾಡಿದಳು, ಕಂಪ್ಯೂಟರ್ ಬಡಿದಳು, ಇನ್ನೊಮ್ಮೆ ಪಾಕೂಳ ಮುಖ ನೋಡಿದಳು. ಕೊನೆಗೆ ಸೀಲ್ ಹಾಕಿದಳು. ಆ ದಿನ ಹತ್ತೂ ಇಪ್ಪತ್ತಕ್ಕೆ ಓಣಿಯಲ್ಲಿ ಮಕ್ಕಳ ಸಾಲು ಹೋಯಿತು. ಜುವಾ ಅದರಲ್ಲಿರಲಿಲ್ಲ. ಚೆಲೋಳ ಮಗಳು ತಲೆ ತಗ್ಗಿಸಿಕೊಂಡು ಹೋದಳು.

ಚೆಲೋ ಹಾಲಿನ ಪೊಟ್ಟಣ ಕೆಳಗಿಟ್ಟಳು. "ನಂಗೂ ಒಂದು ಬರೆದುಕೊಡು."

"ನಾನು ಬರೆದುಕೊಟ್ರೆ ನನ್ನ ಪತ್ರ ಆಗುತ್ತೆ. ಭಾನುವಾರ ಮನೆಗೆ ಬಾ. ಇಬ್ಬರೂ ಕೂತು ಬರೆಯೋಣ."

ಭಾನುವಾರ ಚೆಲೋ ಒಬ್ಬಳೇ ಬರಲಿಲ್ಲ. ಅವಳ ಹಿಂದೆ ಏಳು ಜನ ಹೆಂಗಸರು, ಇಬ್ಬರು ಗಂಡಸರು. ಒಬ್ಬಳು ಮೆಕ್ಕೆಜೋಳದ ಕಡುಬು, ಟಮಾಲೆಯ ಪಾತ್ರೆ ತಂದಿದ್ದಳು. ಪೋ ಅಂಟಕ್ಕಿಯ ಬುಟ್ಟಿ ಮಧ್ಯಕ್ಕಿಟ್ಟು, ತನ್ನ ಖಾರದ ಚಟ್ನಿ ಎಲ್ಲರಿಗೂ ಒತ್ತಾಯ ಮಾಡಿ ಬಡಿಸಿ, ಯಾರ ಕಣ್ಣಲ್ಲಿ ನೀರು ಬರುತ್ತದೆಂದು ಕಾದು ನೋಡಿದಳು. ಮೆಕ್ಸಿಕೋದವರ ಕಣ್ಣಲ್ಲಿ ಬರಲಿಲ್ಲ. ಅವಳಿಗೆ ಅವರ ಮೇಲೆ ಗೌರವ ಹುಟ್ಟಿತು.

ಊಟದ ಹೊತ್ತಿಗೆ ಶೆಂಗ್ ಬಂದಳು. ವಿಲೋ ಕ್ರೀಕ್‌ನಿಂದ ನೆಂಗ್ ಮಗಳ ಹೆಸರು ತೆಗೆಸಿದ ಮೇಲೆ ಅವಳು ಆ ಮನೆಗೆ ಕಾಲಿಟ್ಟಿರಲಿಲ್ಲ. ತುಂಬಿದ ಮೇಜು, ಪೆನ್ನು, ಹಾಳೆ ನೋಡಿ ಬಾಗಿಲಲ್ಲೇ ನಿಂತಳು.

"ನನ್ನ ಮರ್ಯಾದೆ ತೆಗೆದ್ರಿ ಅಲ್ಲಿ. ಈಗ ಇಲ್ಲೇನು ನಡೆಸಿದೀರಿ?"

"ಪತ್ರ," ಎಂದಳು ಪಾಕೂ. "ಕೂತ್ಕೊಳ್ಳಿ ಅಕ್ಕ."

"ಏನು ಬರೆದ್ರೂ ಎರಡು ಎರಡೇ. ನಾಳೆ ಮೂರಾಗಲ್ಲ."

"ಆಗದೆ ಇರ್ಲಿ. ನನ್ನ ಮಗಳು ವಿಜ್ಞಾನ ಕಲೀತಾಳೆ."

ಶೆಂಗ್ ಹತ್ತಿರ ಇದ್ದ ಒಂದು ಹಾಳೆ ಎತ್ತಿ ಓದಿದಳು. ಹುಬ್ಬು ಗಂಟಿಕ್ಕಿದಳು. "ವಿಜ್ಞಾನ ಅನ್ನೋ ಪದಾನೇ ತಪ್ಪು ಬರೆದಿದೀರಲ್ಲ! ಇದನ್ನ ಹೀಗೇ ಕೊಟ್ರೆ ನಿಮ್ಮನ್ನೂ ಆ ಕೋಣೆಗೆ ಕಳಿಸ್ತಾರೆ." ಕೈಚೀಲ ಕೆಳಗಿಟ್ಟು, ಜುವಾಳನ್ನು ಸ್ವಲ್ಪ ಸರಿಯಲು ಹೇಳಿ, ಕುರ್ಚಿ ಎಳೆದುಕೊಂಡಳು. "ಕೊಡಿ ಇಲ್ಲಿ. ಎಲ್ಲ ಕೊಡಿ." ಸಂಜೆಯವರೆಗೂ ಅವಳು ಬೈಯುತ್ತಲೇ ತಿದ್ದಿದಳು.

ಮುಂದಿನ ವಾರ ಪತ್ರ ಬರೆಯಲು ಬಂದವರು ಮನೆಯ ಬಾಗಿಲು ಬಡಿಯುವುದು ನಿಲ್ಲಲಿಲ್ಲ. ನಡುವೆ ಒಂದು ದಿನ ಇಲಾಖೆಯ ಅಡುಗೆ ಮೇಲ್ವಿಚಾರಕ ಬಂದು, ಕೆಲಸದ ಹೊತ್ತಿನಲ್ಲಿ ಕೆಲಸ ಬಿಟ್ಟು ಬೇರೇನೂ ಮಾತಾಡಬಾರದು ಎಂದು ಪಾಕೂಗೆ ಹೇಳಿಹೋದ. ಅವಳು "ಆಗ್ಲಿ ಸರ್" ಎಂದಳು. ಅಂದಿನಿಂದ ತಿಂಡಿಯ ಸಾಲಿನಲ್ಲಿ ಯಾರಾದರೂ ತಾಯಿ ಬಂದು ಕೇಳಿದರೆ ಬಾಯಿ ಬಿಡದೆ ಕಚೇರಿಯ ಕಡೆಗೆ ಬೆರಳು ತೋರಿಸುತ್ತಿದ್ದಳು.

ಎರಡನೇ ಶುಕ್ರವಾರ ಪ್ರಿನ್ಸಿಪಾಲ್ ಹಾಲ್ವರ್ಸನ್ ಅಡುಗೆಮನೆಗೆ ಬಂದಳು. ಮಧ್ಯಾಹ್ನದ ಊಟಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಅವಳು ಸುಸ್ತಾಗಿದ್ದಂತೆ ಕಂಡಳು.

"ಮೂವತ್ತೊಂದು ಪತ್ರ ಬಂದಿದೆ," ಎಂದಳು. "ವೇಳಾಪಟ್ಟಿ ಬದಲಾಯಿಸಿದೀನಿ. ಸೋಮವಾರದಿಂದ ಇಂಗ್ಲಿಷ್ ಪಾಠ ಬೆಳಗಿನ ಮೊದಲ ಅರ್ಧ ಗಂಟೆ. ಯಾರನ್ನೂ ವಿಜ್ಞಾನದಿಂದ ಎಬ್ಬಿಸಲ್ಲ."

ಚೆಲೋ ಕೈಯಲ್ಲಿದ್ದ ಸೌಟು ಕೆಳಗೆ ಬೀಳಿಸಿದಳು. ಪ್ರಿನ್ಸಿಪಾಲ್ ಇನ್ನೂ ಏನೋ ಹೇಳಲಿಕ್ಕಿದ್ದಾಳೆಂದು ಕಾಣುತ್ತಿತ್ತು.

"ಇಲಾಖೆಯ ಕಚೇರಿಯಿಂದ ಫೋನ್ ಬಂದಿತ್ತು. ಇದನ್ನೆಲ್ಲ ಶುರು ಮಾಡಿದೋರು ಯಾರು ಅಂತ ಕೇಳ್ತಿದಾರೆ." ಹಾಲ್ವರ್ಸನ್ ದನಿ ತಗ್ಗಿಸಿದಳು. "ನೀವು ಇಲ್ಲಿ ಕೆಲಸದಲ್ಲಿದೀರಿ. ನಿಮ್ಮ ಹೆಸರು ಹೇಳೋ ಅಗತ್ಯ ಇಲ್ಲ. ಕೆಲವು ಪೋಷಕರು ಅಂತಷ್ಟೇ ಬರೀತೀನಿ."

ಪಾಕೂ ಕೈಗವಸು ಕಳಚಿದಳು.

"ಬೇಡ ಮೇಡಂ. ಹೆಸರು ಹಾಕೇ ಬರೀರಿ."

"ಯೋಚನೆ ಮಾಡಿ ಹೇಳ್ತಿದೀರಾ, ಮಿಸೆಸ್ ಮುವಾ?"

"ಮುವಾ ನನ್ನ ಗಂಡನ ಮನೆತನ. ನಮ್ಮಲ್ಲಿ ಮದುವೆ ಆದ್ರೂ ಹೆಣ್ಣುಮಕ್ಕಳ ಮನೆತನ ಬದಲಾಗಲ್ಲ. ಹನ್ನೊಂದು ವರ್ಷದಿಂದ ಈ ಊರಲ್ಲಿ ಎಲ್ಲರೂ ತಪ್ಪಾಗೇ ಕರೀತಿದಾರೆ, ನಾನೂ ಸುಮ್ಮನಿದ್ದೆ. ನಾನು ಲೋರ್. ಪಾ ಕೂ ಲೋರ್. ಬರ್ಕೊಳ್ಳಿ."

ಹಾಲ್ವರ್ಸನ್‌ಳ ಕೈಯಲ್ಲಿ ಕಾಗದವಿರಲಿಲ್ಲ. ಚೆಲೋ ಹಾಲಿನ ರಟ್ಟಿನ ಪೆಟ್ಟಿಗೆಯಿಂದ ಒಂದು ತುಂಡು ಹರಿದು ಮುಂದೆ ಹಿಡಿದಳು. ಹಾಲ್ವರ್ಸನ್ ಬರೆದಳು. ಪಾಕೂ ಬಗ್ಗಿ ನೋಡಿ, ಒಂದು ಅಕ್ಷರ ತಿದ್ದಿಸಿದಳು.

"ಅದರ ಕೆಳಗೆ ನನ್ನದು," ಎಂದಳು ಚೆಲೋ. "ಕೊನ್ಸುವೇಲೋ ಬರಾಗಾನ್. ನಿಧಾನ ಹೇಳ್ತೀನಿ, ಉದ್ದ ಇದೆ."

ಗಂಟೆ ಹೊಡೆಯಿತು. ಓಣಿಯ ಆ ತುದಿಯಿಂದ ಮಕ್ಕಳ ಸದ್ದು ಹತ್ತಿರವಾಗುತ್ತಿತ್ತು. ಪಾಕೂ ಹೊಸ ಕೈಗವಸು ತೊಟ್ಟು, ಕಿಟಕಿಯ ಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿದಳು.